ರಜ ಹತ್ತಿರ ಬಂದಾಗ

"ಹೇಳಲ್ಲ," ಎಂದಳು ದಬ್ಬಣ.

ಯಾರದೋ ಕುರ್ಚಿ ಕಿರುಗುಟ್ಟಿತು. ಚಟ ಬಿಡಿಸುವ ಆ ಕೇಂದ್ರದಲ್ಲಿ ಮಧ್ಯಾಹ್ನದ ಸಭೆಗೆ ಕುರ್ಚಿಗಳನ್ನು ಗುಂಡಗೆ ಹಾಕುವುದು ರೂಢಿ. ಉದ್ದನೆಯ ಕೋಣೆ, ಜಾಲರಿ ಬಡಿದ ಕಿಟಕಿಗಳು, ತಿರುಗಿದಷ್ಟೂ ಸದ್ದು ಮಾಡುವ ಫ್ಯಾನು. ಗುಂಡಗೆ ಕೂತವರಲ್ಲಿ ಹೆಂಗಸೆಂದರೆ ಅವಳೊಬ್ಬಳೇ. ಅವಳ ಎರಡೂ ಪಕ್ಕದ ಕುರ್ಚಿಗಳನ್ನು ಯಾರೂ ಹೇಳದಿದ್ದರೂ ಗಂಡಸರು ಖಾಲಿ ಬಿಟ್ಟಿದ್ದರು. ಅದು ಮರ್ಯಾದೆಗೋ ಭಯಕ್ಕೋ ಅವರವರಿಗೇ ಗೊತ್ತು.

"ಒಂದು ಮಾತಮ್ಮ," ಎಂದರು ಮೇಷ್ಟ್ರು. "ಇಲ್ಲಿ ಕೂತಿರೋರೆಲ್ಲ ಒಂದಲ್ಲ ಒಂದು ದಿನ ಹೇಳಿದ್ದಾರೆ. ನಾನೂ ಹೇಳಿದ್ದೀನಿ. 'ನನ್ನ ಮನಸ್ಸು ಸಡಿಲ, ಬಿಗಿ ಮಾಡ್ಕೋತೀನಿ.' ಅಷ್ಟೇ. ನಾಲಿಗೆ ಏನೂ ಸವೆದುಹೋಗಲ್ಲ."

"ನಾಲಿಗೆ ಸವೆಯಲ್ಲ. ಆದ್ರೆ ಅದು ಸುಳ್ಳು. ನನ್ನ ಮನಸ್ಸು ಸಡಿಲ ಇಲ್ಲ."

ದಬ್ಬಣ ಎನ್ನುವುದು ಅವಳ ಹೆಸರಲ್ಲ. ಸೋಫಾ ಕಟ್ಟುವ ಅಂಗಡಿಯಲ್ಲಿ ಹುಟ್ಟಿ ಬೆಳೆದವಳು. ಗೋಣಿ ಹೊಲಿಯುವ ಬಾಗಿದ ಸೂಜಿಯಷ್ಟೇ ಚೂಪು ಅವಳ ಮಾತು ಎಂದು ಅಣ್ಣ ಇಟ್ಟ ಅಡ್ಡಹೆಸರು ಅದು. ಕೇಂದ್ರಕ್ಕೆ ಸೇರಿಸಲು ಬಂದ ದಿನ ಅವನು ಬಾಯಿತಪ್ಪಿ ಎಲ್ಲರೆದುರು ಹಾಗೇ ಕೂಗಿದ್ದರಿಂದ ಇಲ್ಲಿಯೂ ಅದೇ ಉಳಿದುಹೋಯಿತು. ಮೇಷ್ಟ್ರು ಕೂಡ ಮೇಷ್ಟ್ರಲ್ಲ. ಒಂದು ಕಾಲಕ್ಕೆ ಕುಡಿದು ಬೀದಿಯಲ್ಲಿ ಬಿದ್ದಿರುತ್ತಿದ್ದ ಮನುಷ್ಯ. ಕುಡಿತ ಬಿಟ್ಟ ಮೇಲೆ ಈ ಕೇಂದ್ರ ನಡೆಸುತ್ತ, ಕಂಡವರಿಗೆಲ್ಲ ಬುದ್ಧಿ ಹೇಳುತ್ತ ಆ ಬಿರುದು ಸಂಪಾದಿಸಿದವರು. ಒಳ್ಳೆಯವರು. ಹೊಸದಾಗಿ ಬಂದವರು ವಾಂತಿ ಮಾಡಿಕೊಂಡರೆ ಆಳುಕಾಳು ಕರೆಯದೆ ತಾವೇ ಬಕೆಟ್ ಹಿಡಿಯುತ್ತಿದ್ದರು. ತಾವು ಯಾವ ಬಾಗಿಲಿಂದ ಹೊರಗೆ ಬಂದರೋ ಆ ಮನೆಗೆ ಅದೊಂದೇ ಬಾಗಿಲು ಎಂದು ನಂಬಿದ್ದರು ಅಷ್ಟೇ. ಅಂಥ ಒಳ್ಳೆಯವರ ಜೊತೆ ಜಗಳವಾಡುವುದು ಕೆಟ್ಟವರ ಜೊತೆ ಆಡುವುದಕ್ಕಿಂತ ಕಷ್ಟ.

"ಸಡಿಲ ಇಲ್ಲದಿದ್ರೆ ಮನೆಗೆ ಹೋದಾಗ ಯಾಕಮ್ಮ ನುಂಗಿದೆ?"

"ನುಂಗಿದೆ. ನಾನೇ ಬಂದು ಹೇಳ್ದೆ. ನೀವೇನು ಹಿಡೀಲಿಲ್ಲ."

ಅದು ನಿಜ. ಕೇಂದ್ರದಿಂದ ಒಂದು ಬುಧವಾರ ಮನೆಗೆ ಹೋದವಳು ಅಂಗಡಿಯ ಸ್ಪಂಜಿನ ಸುರುಳಿಗಳ ಹಿಂದೆ ಕೈಹಾಕಿ, ತಾನೇ ಯಾವಾಗಲೋ ಬಚ್ಚಿಟ್ಟು ಮರೆತಿದ್ದ ನೋವಿನ ಮಾತ್ರೆಯ ಪಟ್ಟಿ ಹುಡುಕಿ ತೆಗೆದಿದ್ದಳು. ವಾಪಸ್ಸು ಬಂದ ಕೂಡಲೇ ಚಪ್ಪಲಿ ಬಿಡುವ ಮುಂಚೆ ಅದನ್ನು ಹೇಳಿಯೂ ಇದ್ದಳು. ಜಾರಿದವರು ಮನೆಯವರ ಎದುರು, ಎಲ್ಲರ ಎದುರು ಆ ಮಾತು ಹೇಳಬೇಕು. ಹೇಳದವರಿಗೆ ಇಲ್ಲಿ ಜಾಗವಿಲ್ಲ. ಕೇಂದ್ರದ ಕಾನೂನು ಅದು.

"ನಾಳೆ ನಿಮ್ಮಮ್ಮ, ಅಣ್ಣ ಬರ್ತಾರೆ. ಅವರ ಮುಂದೆ ಹೇಳ್ಬೇಕು. ಇಲ್ಲಾಂದ್ರೆ ಬಟ್ಟೆ ಕಟ್ಕೊಂಡು ಹೊರಡ್ಬೇಕಾಗುತ್ತೆ. ರೂಲ್ಸು ನಾನು ಮಾಡಿದ್ದಲ್ಲ."

"ನೀವೇ ಮಾಡಿದ್ದು ಮೇಷ್ಟ್ರೇ," ಎಂದ ಪೇಂಟರ್. ಅವನು ಬಣ್ಣ ಬಳಿಯುವವನು, ತಿನ್ನರ್ ಮೂಸಿ ಮೂಸಿ ಇಲ್ಲಿಗೆ ಬಂದವನು, ಸಭೆಯಲ್ಲಿ ಸುಮ್ಮನಿರುವುದು ಅವನ ಹಣೆಯಲ್ಲಿ ಬರೆದಿರಲಿಲ್ಲ. ಒಂದಿಬ್ಬರು ನಕ್ಕರು. ದಬ್ಬಣ ನಗಲಿಲ್ಲ.

ಹೊರಗೆ ಹಾಕಿದರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಿದ್ದ ಔಷಧಿ ಅರ್ಧದಲ್ಲಿ ನಿಲ್ಲುತ್ತದೆ. ಮೇಷ್ಟ್ರು ಸರಿ ಎಂದು ಹೇಳದ ಹೊರತು ಅಂಗಡಿಯೊಳಗೆ ಕಾಲಿಡಬೇಡ ಎಂದು ಅಣ್ಣ ಹೇಳಿಬಿಟ್ಟಿದ್ದ. ಅಂಗಡಿ ಎಂದರೆ ಅವಳಿಗೆ ಬರೀ ಕೆಲಸವಲ್ಲ. ಕಿಟಕಿಯ ಪಕ್ಕದ ಆ ಹಲಗೆ, ಅಪ್ಪ ಬದುಕಿದ್ದಾಗ ಎತ್ತರ ಅಳೆದು ಅವಳಿಗೆಂದೇ ಮಾಡಿಸಿಕೊಟ್ಟದ್ದು, ಅದರ ಮುಂದೆ ನಿಂತಾಗ ಮಾತ್ರ ಅವಳಿಗೆ ತಾನು ಯಾರೆಂದು ಗೊತ್ತಾಗುತ್ತಿತ್ತು. ಅದು ಹೋದರೆ ತನ್ನಲ್ಲಿ ಉಳಿಯುವುದು ಬೆನ್ನುನೋವು ಮಾತ್ರ ಎಂದು ಅವಳಿಗೆ ಅನ್ನಿಸುತ್ತಿತ್ತು.

ಆ ಬೆನ್ನುನೋವಿನ ಕಥೆಯೂ ಇಷ್ಟೇ. ಗಿರಾಕಿಯೊಬ್ಬರ ಮನೆಯಿಂದ ದೊಡ್ಡ ಸೋಫಾ ಇಳಿಸುತ್ತಿದ್ದರು. ಮೇಲೆ ಅಣ್ಣ, ಕೆಳಗೆ ಅವಳು. ಮೆಟ್ಟಿಲ ತಿರುವಿನಲ್ಲಿ ಅಣ್ಣನ ಕಾಲು ಜಾರಿತು. ಸೋಫಾ, ಅಣ್ಣ, ಗೋಡೆಯ ಮೇಲಿದ್ದ ಕನ್ನಡಿ, ಎಲ್ಲ ಒಟ್ಟಿಗೆ ಅವಳ ಮೇಲೆ ಬಂದವು. ಅಣ್ಣ ತಂಗಿ ಇಬ್ಬರೂ ಒಂದೇ ಆಸ್ಪತ್ರೆಯ ಅಕ್ಕಪಕ್ಕದ ವಾರ್ಡುಗಳಲ್ಲಿ ಮಲಗಿದರು. ಒಂದೇ ಡಾಕ್ಟರು, ಒಂದೇ ಮಾತ್ರೆ. ಬೆನ್ನು ತಕ್ಕಮಟ್ಟಿಗೆ ವಾಸಿಯಾಯಿತು, ಮಾತ್ರೆ ಬಿಡಲಿಲ್ಲ. ಆಮೇಲೆ ಒಂದು ದಿನ ಅಣ್ಣ ಬಿಡುತ್ತೇನೆಂದು ಹಟ ಹಿಡಿದ. ವಾರವಿಡೀ ಕಂಬಳಿ ಹೊದ್ದು ಬೆವರಿದ, ನಡುಗಿದ, ತಟ್ಟೆ ಎಸೆದ, ಅಮ್ಮನನ್ನು ಬೈದ. ಆಮೇಲೆ ಎದ್ದು ಸ್ನಾನ ಮಾಡಿ ಅಂಗಡಿಗೆ ಹೋದ. ಅಮ್ಮನ ಕಣ್ಣಲ್ಲಿ ಅವನು ಯುದ್ಧ ಗೆದ್ದು ಬಂದವನಾದ. ನಿಜಕ್ಕೂ ಗೆದ್ದಿದ್ದ, ಸುಳ್ಳು ಯಾಕೆ ಹೇಳಬೇಕು.

ದಬ್ಬಣ ಅವನಿಗಿಂತ ಕಡಿಮೆ ನುಂಗಿದ್ದಳು. ಅವನು ನಿತ್ಯದ ಅಭ್ಯಾಸ ಮಾಡಿಕೊಂಡ ಎಷ್ಟೋ ದಿನಗಳ ಮೇಲೆ ಅವಳು ನಿತ್ಯ ನುಂಗಲು ಶುರು ಮಾಡಿದ್ದು. ಆದರೂ ಅವಳನ್ನು ಅದು ಹಿಡಿದದ್ದು ಬೇಗ, ಹಿಡಿದದ್ದು ಗಟ್ಟಿ. ಬಿಟ್ಟಳು, ಮತ್ತೆ ಹಿಡಿದಳು. ಮತ್ತೆ ಬಿಟ್ಟಳು. ಅಕ್ಕಪಕ್ಕದವರು ಅಣ್ಣನ ಬಗ್ಗೆ "ಪಾಪ, ನೋವಿಗೆ ಅಂತ ತಗೊಂಡ, ಚಟ ಹತ್ತಿಬಿಡ್ತು" ಎನ್ನುತ್ತಿದ್ದರು. ಅವಳ ಬಗ್ಗೆ ಹೇಳಿದ್ದು "ಆ ಹುಡುಗಿ ಕೆಟ್ಟೋದ್ಲು" ಎಂದು. ಗಂಡಸಿಗೆ ಚಟ ಎನ್ನುವುದು ಇರುವೆಯ ಹಾಗೆ ಎಲ್ಲಿಂದಲೋ ಬಂದು ಹತ್ತುತ್ತದೆ. ಹೆಂಗಸಾದರೆ ತಾನೇ ಕೆಡುತ್ತಾಳೆ. ನಮ್ಮ ಮಾತಿನ ವ್ಯಾಕರಣವೇ ಹೀಗಿರುವಾಗ ಅಕ್ಕಪಕ್ಕದವರನ್ನು ಮಾತ್ರ ಬೈದು ಏನು ಪ್ರಯೋಜನ?

"ನೋಡಮ್ಮ," ಎಂದರು ಮೇಷ್ಟ್ರು. ಅವರ ಸಹನೆ ಮುಗಿಯುತ್ತ ಬಂದಿತ್ತು. "ನಿನಗೆ ಯಾವಾಗ ಜಾಸ್ತಿ ಕಷ್ಟ ಅಂತ ಮೊದಲ ದಿನಾನೇ ಕೇಳಿದ್ದೆ. ರಜ ಹತ್ತಿರ ಬಂದಾಗ ಕೈ ತಡೆಯಲ್ಲ ಅಂತ ನೀನೇ ಹೇಳಿದ್ದು. ನಾನು ಮರೆತಿಲ್ಲ. ಅದಕ್ಕೇ ಒಂದು ಭಾನುವಾರಾನೂ ನಿನ್ನ ಮನೆಗೆ ಕಳಿಸಲಿಲ್ಲ. ಸರ್ಕಾರಿ ರಜ ಇದ್ದಾಗೆಲ್ಲ ಇಲ್ಲೇ ಇಟ್ಕೊಂಡು ಅಕ್ಕಿ ಆರಿಸೋಕೆ ಕೂರಿಸ್ದೆ. ಎಲ್ಲರೂ ದುಡಿಯೋ ದಿನ ನೋಡಿ, ಬುಧವಾರ ನೋಡಿ ಕಳಿಸ್ದೆ. ಇನ್ನೇನು ಮಾಡ್ಬೇಕಿತ್ತು ನಾನು?"

ದಬ್ಬಣ ಅವರನ್ನೇ ನೋಡಿದಳು. ಮೊದಲು ಅವಳಿಗೆ ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ನಗು ಬಂತು. ಸಣ್ಣ ನಗುವಲ್ಲ, ಹೊಟ್ಟೆಯಿಂದ ಎದ್ದು, ಹೆಗಲು ಅಲ್ಲಾಡಿಸಿ, ಕಣ್ಣಲ್ಲಿ ನೀರು ಬರಿಸಿ, ತಡೆದಷ್ಟೂ ಉಕ್ಕುವ ನಗು. ಕುರ್ಚಿಯ ತೋಳು ಹಿಡಿದುಕೊಂಡು ನಕ್ಕಳು. ಗಂಡಸರು ಮುಖಮುಖ ನೋಡಿಕೊಂಡರು.

ಯಾಕೆಂದರೆ ಅವಳ ಮನೆಯಲ್ಲಿ ರಜ ಎಂದರೆ ಭಾನುವಾರವಲ್ಲ. ಅಂಗಡಿ ತುಂಬ ಸುತ್ತಿಗೆ ಹಿಡಿದ ಗಂಡಸರು. ಅವರ ನಡುವೆ ಕವರು ಹೊಲಿಯುತ್ತ ಕೂತ ಅಮ್ಮ, ಚಿಕ್ಕಮ್ಮ, ಇವಳು. ತಿಂಗಳ ಆ ದಿನಗಳು ಬಂದಾಗ ಹೆಸರು ಹೇಳುವುದು ಹೇಗೆ? ಅಮ್ಮ ಕಂಡುಹಿಡಿದ ಮಾತು ರಜ. "ನಂಗೆ ನಾಳೆಯಿಂದ ರಜ." "ಈ ಸಲ ರಜ ತಡ ಆಯ್ತಲ್ಲೇ." ಗಂಡಸರ ಕಿವಿಯ ಮುಂದೆಯೇ ಆಡಬಹುದಾದ ಗುಟ್ಟು. ನಮ್ಮಂಗಡೀಲಿ ಹೆಂಗಸರಿಗೆ ರಜ ಅನ್ನೋದೇ ಇಲ್ಲ ಎಂದು ಅಪ್ಪ ಗಿರಾಕಿಗಳ ಹತ್ತಿರ ಜಂಬ ಕೊಚ್ಚಿದಾಗ ಮೂವರೂ ಬಟ್ಟೆಯ ತಾನಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದರು. ಎಷ್ಟೋ ವರ್ಷಗಳಿಂದ ಆಡಿ ಆಡಿ ಆ ಮಾತಿಗೆ ಬೇರೆ ಅರ್ಥವಿದೆ ಎನ್ನುವುದೇ ದಬ್ಬಣಳಿಗೆ ಮರೆತುಹೋಗಿತ್ತು. ಮೇಷ್ಟ್ರು ಕೇಳಿದಾಗ ಇದ್ದದ್ದನ್ನು ಇದ್ದಹಾಗೆ ಹೇಳಿದ್ದಳು. ಆ ದಿನಗಳು ಹತ್ತಿರ ಹತ್ತಿರ ಬಂದಂತೆ ಮೈಯೆಲ್ಲ ಒಂದೇ ಸಮನೆ ಬೇಕು ಬೇಕು ಎನ್ನುತ್ತದೆ. ಉಳಿದ ದಿನಗಳಲ್ಲಿ ಔಷಧಿ ಅಂಗಡಿಯ ಮುಂದೆ ಅದೊಂದು ಗೋಡೆ ಎನ್ನುವ ಹಾಗೆ ನಡೆದು ಹೋಗಬಲ್ಲಳು. ಮೇಷ್ಟ್ರು ಕಳಿಸಿದ ಆ ಬುಧವಾರ ಸರಿಯಾಗಿ ಆ ದಿನಗಳಲ್ಲೇ ಬಿದ್ದಿತ್ತು.

ಇದನ್ನು ಈಗ, ಇಷ್ಟು ಗಂಡಸರ ಎದುರು, ಬಿಡಿಸಿ ಹೇಳುವುದು ಹೇಗೆ? ಬಾಯಿ ತೆರೆದಳು. ಮತ್ತೆ ನಗುವೇ ಬಂತು.

"ಇವಳು ಇವತ್ತೂ ಏನೋ ನುಂಗಿದ್ದಾಳೆ," ಎಂದರು ಮೇಷ್ಟ್ರು ಬೇಸರದಿಂದ. ಅವಳ ಮಂಚ, ದಿಂಬು, ಚೀಲ ಎಲ್ಲ ಜಾಲಾಡಿದರು. ಒಳಬಟ್ಟೆಗಳನ್ನೂ ಬಿಡದೆ ಒಂದೊಂದಾಗಿ ಒದರಿ ನೋಡಿದ ಆಯಾ ಕೊನೆಗೆ ಏನೂ ಸಿಗದೆ ಅವನ್ನು ಹಾಸಿಗೆಯ ಮೇಲೆ ಗುಡ್ಡೆ ಹಾಕಿ ಹೋದಳು. ವರಾಂಡದಿಂದ ಗಂಡಸರು ಇಣುಕುತ್ತಿದ್ದರು; ದಬ್ಬಣ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಅಷ್ಟರಲ್ಲಿ ನಗು ನಿಂತಿತ್ತು. ಅದರ ಜಾಗಕ್ಕೆ ಬಂದದ್ದು ಸಿಟ್ಟು, ಅದೂ ಬಹಳ ದಿನಗಳಿಂದ ಬಾಕಿ ಇದ್ದದ್ದು.

ಸಂಜೆ ಡಾಕ್ಟರಮ್ಮ ಬಂದರು. ಅವರು ವಾರಕ್ಕೊಮ್ಮೆ ಬರುವವರು, ಈ ಕೇಂದ್ರಕ್ಕೆ ಹೊಸಬರು. ಕಣ್ಣಿಗೆ ಟಾರ್ಚು ಬಿಟ್ಟು, ನಾಡಿ ಹಿಡಿದು, "ಏನೂ ನುಂಗಿಲ್ಲ ನೀನು. ಮತ್ತೆ ಯಾಕೆ ಹಾಗೆ ನಕ್ಕೆ?" ಎಂದು ಕೇಳಿದರು.

ದಬ್ಬಣ ಹೇಳಿದಳು. ಡಾಕ್ಟರಮ್ಮನಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಕನ್ನಡಕ ತೆಗೆದು ಒರೆಸಿಕೊಂಡು, "ಎಷ್ಟು ತಿಂಗಳಿಂದ ಹೀಗೆ ಗಮನಿಸಿದ್ದೀಯ?" ಎಂದರು.

"ಶುರುವಿಂದ. ಇದು ನನ್ನ ಹುಚ್ಚೋ, ನಿಜವಾಗ್ಲೂ ಇರೋದೋ?"

"ಇರೋದು. ಎಲ್ಲರಿಗೂ ಹೀಗೇ ಅಂತಲ್ಲ. ಕೆಲವರಿಗೆ ತಿಂಗಳ ನಡುವೆ ಕಾಡುತ್ತೆ, ಕೆಲವರಿಗೆ ವ್ಯತ್ಯಾಸನೇ ಇರಲ್ಲ. ಮಿದುಳಲ್ಲಿ ಬೇಕು ಬೇಕು ಅನ್ನೋ ಜಾಗ ಒಂದಿದೆ. ನಮ್ಮ ಹಾರ್ಮೋನುಗಳು ಹತ್ತೋವಾಗ ಇಳಿಯೋವಾಗ ಅದರ ಕಿವಿ ಹಿಂಡುತ್ವೆ. ಹೆಂಗಸರಿಗೆ ಬೇಗ ಅಂಟಿಕೊಳ್ಳುತ್ತೆ, ಬಿಡೋವಾಗ ಜಾಸ್ತಿ ಕಾಡುತ್ತೆ ಅಂತ ಸುಮಾರು ಸಂಶೋಧನೆಗಳು ಹೇಳ್ತವೆ. ನಿನ್ನ ಮಾತ್ರೆ ವಿಷಯದಲ್ಲಿ ಇನ್ನೂ ಪೂರ್ತಿ ಗೊತ್ತಿಲ್ಲ, ನಾನು ಸುಳ್ಳು ಹೇಳಲ್ಲ."

"ಯಾಕೆ ಗೊತ್ತಿಲ್ಲ? ಹೆಂಗಸರು ನಿನ್ನೆ ಮೊನ್ನೆ ಹುಟ್ಟಿದ್ರಾ?"

"ಬಹಳ ವರ್ಷ ಪರೀಕ್ಷೆಯೆಲ್ಲ ಹೆಚ್ಚಾಗಿ ಗಂಡಸರ ಮೇಲೇ ಮಾಡಿದ್ದು. ಇಲಿಗಳ ಮೇಲೆ ಮಾಡಿದ್ರೂ ಗಂಡಿಲಿಗಳೇ. ಹೆಣ್ಣಿಲಿಗೆ ಹಾರ್ಮೋನು ದಿನಕ್ಕೊಂದು ಥರ, ಅದನ್ನ ಸೇರಿಸಿಕೊಂಡ್ರೆ ಲೆಕ್ಕ ಕೆಡುತ್ತೆ ಅಂತ."

"ಅಂದ್ರೆ ಇಲಿ ಆಗಿ ಹುಟ್ಟಿದ್ರೂ ನಮ್ಮನ್ನ ಹೊರಗೇ ಇಡ್ತಿದ್ರು ಅನ್ನಿ."

ಡಾಕ್ಟರಮ್ಮ ಆ ದಿನಗಳಲ್ಲಿ ಔಷಧಿ ಇಳಿಸುವುದನ್ನು ನಿಲ್ಲಿಸಿ ನೋಡೋಣ, ನಿದ್ದೆಗೂ ನೋವಿಗೂ ಬೇರೆ ದಾರಿ ಹುಡುಕೋಣ, ಮನೆಗೆ ಹೋಗುವುದನ್ನು ಬೇರೆ ವಾರಕ್ಕೆ ಹಾಕಿಸೋಣ ಎಂದರು. ಅದಕ್ಕೆಲ್ಲ ಅವಳು ಮೊದಲು ಇಲ್ಲಿ ಉಳಿಯಬೇಕು. "ನಾನೇ ಮೇಷ್ಟ್ರನ್ನ ಒಳಗೆ ಕರೆದು ನಾಜೂಕಾಗಿ ಹೇಳ್ತೀನಿ. ನಿನಗೆ ಮುಜುಗರ ಬೇಡ."

"ಬೇಡ ಡಾಕ್ಟ್ರೇ," ಎಂದಳು ದಬ್ಬಣ. "ನಾಜೂಕಾಗಿ ಹೇಳಿ ಹೇಳಿನೇ ಈ ಗತಿ ಬಂದಿರೋದು. ನನ್ನ ಬಟ್ಟೆ ಎಲ್ಲರಿಗೂ ಕಾಣೋ ಹಾಗೆ ಒದರಿದ್ರಲ್ಲ, ನಾನೂ ಎಲ್ಲರಿಗೂ ಕೇಳೋ ಹಾಗೇ ಹೇಳ್ತೀನಿ."

ಮರುದಿನದ ಸಭೆಗೆ ಹೆಚ್ಚಿನ ಕುರ್ಚಿ ಬೇಕಾಗಲಿಲ್ಲ. ದಬ್ಬಣಳ ಪಕ್ಕದ ಖಾಲಿ ಜಾಗಗಳು ತುಂಬಿದವು. ಒಂದು ಕಡೆ ಅಮ್ಮ, ಮಡಿಲಲ್ಲಿ ಕೈಚೀಲ. ಇನ್ನೊಂದು ಕಡೆ ಅಣ್ಣ, ಉಗುರಿನ ಸಂದಿನಲ್ಲಿ ಗೋಂದಿನ ಕಲೆ. ಡಾಕ್ಟರಮ್ಮ ತಮ್ಮ ದಿನವಲ್ಲದಿದ್ದರೂ ಬಂದು ಕಿಟಕಿಯ ಹತ್ತಿರ ನಿಂತಿದ್ದರು.

ಅಣ್ಣ ತಡೆಯದೆ ಶುರು ಮಾಡಿದ. "ಹೇಳ್ಬಿಡೇ ದಬ್ಬಣ. ಒಂದು ಮಾತಿಗೆ ಇಷ್ಟು ರಾದ್ಧಾಂತ ಯಾಕೆ? ನಾನು ಬಿಡಲಿಲ್ವಾ? ಅದೇ ಮಾತ್ರೆ, ಅದೇ ಡಾಕ್ಟ್ರು. ನಿನಗಿಂತ ಜಾಸ್ತಿ ನುಂಗಿದ್ದೆ ನಾನು."

ಅವನ ದನಿಯಲ್ಲಿ ಕೊಂಕಿರಲಿಲ್ಲ. ತಂಗಿ ಎಂದರೆ ಅವನಿಗೆ ಪ್ರಾಣ. ಅವಳಿಗೆ ನೋವಾದದ್ದೂ ಅದಕ್ಕೇ.

ದಬ್ಬಣ ಎದ್ದು ನಿಂತಳು.

"ಮೇಷ್ಟ್ರೇ, ನಿನ್ನೆ ಯಾಕೆ ನಕ್ಕೆ ಅಂತ ಮೊದಲು ಹೇಳ್ತೀನಿ. ರಜ ಹತ್ತಿರ ಬಂದಾಗ ಕೈ ತಡೆಯಲ್ಲ ಅಂದೆನಲ್ಲ, ಅದು ಭಾನುವಾರದ ಮಾತಲ್ಲ. ನಮ್ಮನೆ ಹೆಂಗಸರು ಮುಟ್ಟಿಗೆ ರಜ ಅಂತೀವಿ. ಮುಟ್ಟು. ದಿನಾ ಬೆಳಿಗ್ಗೆ ಸಾಲಾಗಿ ನಿಲ್ಲಿಸಿ 'ಇವತ್ತು ಮುಟ್ಟಲ್ಲ' ಅಂತ ಎಲ್ಲರ ಕೈಲೂ ಹೇಳಿಸ್ತೀರಲ್ಲ, ಆ ಮುಟ್ಟೋದಲ್ಲ. ತಿಂಗಳಿಗೊಮ್ಮೆ ಬರೋ ಮುಟ್ಟು."

"ಆ ಮುಟ್ಟಾ!" ಎಂದುಬಿಟ್ಟ ಪೇಂಟರ್. ಪಕ್ಕದಲ್ಲಿದ್ದವನು ಅವನ ಪಕ್ಕೆಗೆ ಮೊಣಕೈಯಿಂದ ತಿವಿದ. ಒಬ್ಬ ಫ್ಯಾನು ನೋಡಿದ, ಒಬ್ಬ ತನ್ನ ಕಾಲ್ಬೆರಳು ನೋಡಿದ. ಮೇಷ್ಟ್ರ ಮುಖ ಕಿವಿಯವರೆಗೆ ಕೆಂಪಾಯಿತು.

"ಅಯ್ಯೋ, ಗಂಡಸರ ಮುಂದೆ..." ಎಂದಳು ಅಮ್ಮ, ನೆಲ ನೋಡುತ್ತ.

"ಗಂಡಸರ ಮುಂದೆ ಬಿದ್ದಿದ್ದೀನಿ, ಗಂಡಸರ ಮುಂದೆ ವಾಂತಿ ಮಾಡ್ಕೊಂಡಿದ್ದೀನಿ. ಇದೊಂದು ಮಾತಿಗೆ ಏನಮ್ಮ ನಾಚಿಕೆ?" ಎಂದು ಅವಳು ಮೇಷ್ಟ್ರ ಕಡೆ ತಿರುಗಿದಳು. "ನನಗೆ ಯಾವ ವಾರ ಕಷ್ಟವೋ ಆ ವಾರ ಮನೆಗೆ ಕಳಿಸಿದ್ರಿ. ಯಾವ ವಾರ ಏನೂ ಇಲ್ವೋ ಆ ವಾರ ಬೀಗ ಹಾಕಿ ಅಕ್ಕಿ ಆರಿಸೋಕೆ ಕೂರಿಸಿದ್ರಿ. ನಿಮ್ಮ ತಪ್ಪಲ್ಲ, ನಾನೇ ನುಣುಚಿಕೊಂಡು ಹೇಳ್ದೆ. ಆದ್ರೆ ಅದಕ್ಕೆ ನನ್ನ ಮನಸ್ಸು ಸಡಿಲ ಅಂತ ನಾನು ಹೇಳಲ್ಲ. ಎಷ್ಟು ವಾರ ಹಲ್ಲು ಕಚ್ಚಿ ಹಿಡ್ಕೊಂಡಿದ್ದೀನಿ ಅಂತ ನನಗೆ ಗೊತ್ತು."

"ಹಾಗಾದ್ರೆ..." ಎಂದ ಅಣ್ಣ. ಅವನ ದನಿ ಸಣ್ಣಗಾಗಿತ್ತು. "ಹಾಗಾದ್ರೆ ನಾನು ಬಿಟ್ಟಿದ್ದು ಏನೂ ಅಲ್ವಾ? ನನಗೆ ಸುಲಭ ಇತ್ತು, ಅದಕ್ಕೆ ಬಿಟ್ಟೆ, ಅಂತೀಯಾ?"

ಅವನಿಗೆ ಚುಚ್ಚಿದ್ದು ಅದು. ಜೀವಮಾನದಲ್ಲಿ ಅವನು ಒಂಟಿಯಾಗಿ ಗೆದ್ದದ್ದು ಅದೊಂದನ್ನೇ. ಅಂಗಡಿ ಅಪ್ಪನದು, ಗಿರಾಕಿಗಳು ಅಪ್ಪನ ಕಾಲದವರು. ಆ ಒಂದನ್ನೂ ತಂಗಿ ಕಿತ್ತುಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

"ನೀನು ಬಿಟ್ಟಿದ್ದು ದೊಡ್ಡದೇ ಕಣೋ. ನಾನು ಕಣ್ಣಾರೆ ನೋಡಿದ್ದೀನಿ," ಎಂದಳು ದಬ್ಬಣ. "ಆದ್ರೆ ನೀನು ಬಿಟ್ಟಿದ್ದು ನಿನ್ನ ಮೈಯಲ್ಲಿ. ನನ್ನ ಮೈಯಲ್ಲಿ ಬಂದು ಬಿಟ್ಟು ತೋರಿಸು, ಆಮೇಲೆ ಮಾತಾಡೋಣ."

ಆಗ ಅಮ್ಮನ ಕೈಚೀಲದ ಜಿಪ್ಪು ಎಳೆದ ಸದ್ದಾಯಿತು. ಅಮ್ಮ ಒಳಗಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ನಶ್ಯ," ಎಂದಳು. ಮಗ ಬಾಯಿ ಬಿಟ್ಟುಕೊಂಡು ನೋಡಿದ. "ನಿಮ್ಮಪ್ಪ ಸಿಗರೇಟು ಬಿಟ್ಟಾಗ ಬೀದಿಗೆಲ್ಲ ಹೇಳ್ಕೊಂಡು ತಿರುಗಿದ್ರು. ಅವತ್ತೇ ನಾನೂ ಇದನ್ನ ಬಿಟ್ಟೆ, ಯಾರಿಗೂ ಹೇಳ್ದೆ. ಮುಂದಿನ ತಿಂಗಳು ಮತ್ತೆ ಹಿಡಿದೆ. ಹಾಗೇ ಬಿಡೋದು ಹಿಡಿಯೋದು, ಬಿಡೋದು ಹಿಡಿಯೋದು. ಬಚ್ಚಲಲ್ಲಿ ನಿಂತು ಹಾಕ್ಕೊಳ್ತಿದ್ದೆ. ಇಷ್ಟು ವರ್ಷ ನಾನೇ ಕೆಟ್ಟೋಳು ಅಂದ್ಕೊಂಡಿದ್ದೆ." ಡಬ್ಬಿಯನ್ನು ಒಳಗೆ ಹಾಕಿ ಜಿಪ್ಪೆಳೆದಳು. "ನನ್ನ ಮಗಳು ಆ ಮಾತು ಹೇಳಲ್ಲ ಸ್ವಾಮಿ."

ಮೇಷ್ಟ್ರು ಹಣೆ ಉಜ್ಜಿಕೊಂಡರು. ಅವರಿಗೆ ಇಕ್ಕಟ್ಟು. ಕೂತವರೆಲ್ಲ ಹೇಳಿದ ಮಾತು ಅದು. ಒಬ್ಬಳಿಗೆ ಬಿಟ್ಟರೆ ನಾಳೆ ಇನ್ನೊಬ್ಬ ಏನೋ ನೆಪ ತೆಗೆಯುತ್ತಾನೆ. "ರೂಲ್ಸ್ ಅಂತ ಒಂದಿದೆ..." ಎಂದು ರಾಗ ಎಳೆದರು.

"ರೂಲ್ಸ್ ಪ್ರಕಾರ ಹೊರಗೆ ಹಾಕಿ. ಬಾಗಿಲ ಮುಂದೆ ಕೂತ್ಕೋತೀನಿ. ಔಷಧಿ ಹೊತ್ತಿಗೆ ಒಳಗೆ ಬರ್ತೀನಿ. ಎತ್ತಿ ಹೊರಗೆ ಹಾಕಿದ್ರೆ ಮತ್ತೆ ಬಂದು ಕೂರ್ತೀನಿ. ನನಗೆ ವಾಸಿ ಆಗ್ಬೇಕು. ಸುಳ್ಳು ಹೇಳಿ ವಾಸಿ ಆಗೋಕೆ ನನಗಿಷ್ಟ ಇಲ್ಲ."

ಅವಳು ಹಾಗೆ ಮಾಡಿಯೇ ತೀರುವವಳು ಎನ್ನುವುದರಲ್ಲಿ ಅಲ್ಲಿ ಕೂತ ಯಾರಿಗೂ ಅನುಮಾನವಿರಲಿಲ್ಲ. ಮೇಷ್ಟ್ರು ಡಾಕ್ಟರಮ್ಮನ ಕಡೆ ನೋಡಿದರು. ಡಾಕ್ಟರಮ್ಮ ಇರಲಿ ಎನ್ನುವಂತೆ ತಲೆಯಾಡಿಸಿದರು. ಮೇಷ್ಟ್ರು ಎದ್ದರು, ಗೋಡೆಯಲ್ಲಿದ್ದ ಕಪ್ಪು ಹಲಗೆಯ ಹತ್ತಿರ ಹೋದರು. ಯಾರು ಯಾವಾಗ ಮನೆಗೆ ಹೋಗಬಹುದೆಂದು ಬರೆಯುವ ಹಲಗೆ ಅದು. ಅವಳ ಸಾಲನ್ನು ಅಂಗೈಯಿಂದ ಒರೆಸಿ ಸೀಮೆಸುಣ್ಣ ಎತ್ತಿಕೊಂಡರು.

"ಮುಂದಿನ... ಅದು... ನಿನ್ನ ರಜ ಯಾವಾಗಮ್ಮ?" ಎಂದರು, ಹಲಗೆಗೇ ಮುಖ ಮಾಡಿ.

"ಹೆಸರು ಹಿಡಿದು ಕೇಳಿ ಮೇಷ್ಟ್ರೇ. ಇಲ್ಲಾಂದ್ರೆ ಮತ್ತೆ ಭಾನುವಾರ ಬರೆದುಬಿಡ್ತೀರ."

ಪೇಂಟರ್ ಕೆಮ್ಮಿದ. ಮೇಷ್ಟ್ರು ಸೀಮೆಸುಣ್ಣವನ್ನು ಕೈಯಿಂದ ಕೈಗೆ ಬದಲಿಸಿದರು. ಎಷ್ಟೋ ಸಭೆಗಳಲ್ಲಿ ತಾವು ಬೀದಿ ಬದಿಯಲ್ಲಿ ಬಿದ್ದದ್ದನ್ನು, ಹೆಂಡತಿ ಬಿಟ್ಟುಹೋದದ್ದನ್ನು ಕಂಠ ನಡುಗದೆ ಹೇಳಿದ ಮನುಷ್ಯ. ಈ ಎರಡಕ್ಷರಕ್ಕೆ ಒದ್ದಾಡಿದರು.

"ಮುಟ್ಟು ಯಾವಾಗ?" ಎಂದರು ಕೊನೆಗೆ.

ದಬ್ಬಣ ಹೇಳಿದಳು. ಮೇಷ್ಟ್ರು ಬರೆದುಕೊಂಡರು. ಆ ವಾರ ಅವಳು ಇಲ್ಲೇ ಇರುವುದು, ಆಮೇಲಿನ ವಾರ ಮನೆ. ಅಣ್ಣ ಮಾತ್ರ ಅದನ್ನು ನೋಡಲು ನಿಲ್ಲಲಿಲ್ಲ. ಅಮ್ಮನಿಗಾಗಿ ಗೇಟಿನ ಹೊರಗೆ ಕಾಯುತ್ತ ನಿಂತ, ಹೋಗುವಾಗ ತಂಗಿಯ ಕಡೆ ತಿರುಗಿ ಕೂಡ ನೋಡಲಿಲ್ಲ. ಜಾಗ ಉಳಿಯಿತು, ಔಷಧಿ ಉಳಿಯಿತು. ಅಂಗಡಿ ಉಳಿಯಿತೋ ಇಲ್ಲವೋ ಗೊತ್ತಾಗದೆ ದಬ್ಬಣ ಅಂದು ಊಟ ಬಿಟ್ಟಳು.

ಹೇಳಿದ ವಾರ ಹೇಳಿದ ಹಾಗೇ ಬಂತು. ಡಾಕ್ಟರಮ್ಮ ಔಷಧಿ ಇಳಿಸುವುದನ್ನು ನಿಲ್ಲಿಸಿದ್ದರಿಂದ ನಿದ್ದೆ ಸ್ವಲ್ಪ ಹತ್ತುತ್ತಿತ್ತು. ಆದರೆ ಎಚ್ಚರವಿರುವ ಹೊತ್ತಿಡೀ ಮೈ ಅದೇ ರಾಗ ಹಾಡುತ್ತಿತ್ತು. ಮೂಳೆಯೊಳಗೆ ಯಾರೋ ಉಗುರಿನಿಂದ ಕೆರೆದಂತೆ ಆಗುತ್ತಿತ್ತು. ದಬ್ಬಣ ವರಾಂಡದಲ್ಲಿ ಅತ್ತಿಂದಿತ್ತ ನಡೆದಳು, ಕೂತಳು, ಎದ್ದಳು, ಕಂಡವರ ಮೇಲೆ ಹರಿಹಾಯ್ದಳು. ಏನೂ ತಪ್ಪು ಮಾಡದ ಪೇಂಟರನನ್ನು ಎರಡು ಸಲ ಬೈದಳು. ಅವನು ಎರಡು ಸಲವೂ ಬೈಸಿಕೊಂಡ.

ಆ ವಾರದಲ್ಲೊಂದು ದಿನ ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಗೇಟಿನ ಮುಂದೆ ಅಂಗಡಿಯ ವ್ಯಾನು ನಿಂತಿತು. ಅಣ್ಣ ಇಳಿದ. ಹಿಂದಿನ ಬಾಗಿಲು ತೆಗೆದು ಒಂದು ಬೋಳು ಕುರ್ಚಿಯ ಚೌಕಟ್ಟನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು ಬಂದ. ವರಾಂಡದಲ್ಲಿ ಅದನ್ನು ಇಳಿಸಿ ಮತ್ತೆ ಹೋಗಿ ಸೀಟಿಗೆ ಬಿಗಿಯುವ ನವಾರು ಪಟ್ಟಿಯ ಸುರುಳಿ, ಸುತ್ತಿಗೆ, ಒಂದು ಡಬ್ಬಿ ಸಣ್ಣ ಮೊಳೆ ತಂದ. ಮುಖ ಇನ್ನೂ ಗಂಟು ಹಾಕಿಕೊಂಡೇ ಇತ್ತು.

"ಅರ್ಜೆಂಟು ಆರ್ಡರು," ಎಂದ ಕುರ್ಚಿಯ ಕಡೆ ನೋಡುತ್ತ. "ಅಂಚು ನನ್ನ ಕೈಲಿ ನೆಟ್ಟಗೆ ಬರ್ತಿಲ್ಲ."

ಸುಳ್ಳು. ಅವನ ಅಂಚು ಯಾವಾಗಲೂ ನೆಟ್ಟಗೇ ಬರುತ್ತಿತ್ತು. ದಬ್ಬಣ ಅದನ್ನು ಹೇಳಲಿಲ್ಲ. ನೆಲದ ಮೇಲೆ ಕೂತು ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಂಡಳು. ಸೋಫಾ ಕಟ್ಟುವವರೆಲ್ಲ ಹಾಗೇ. ಒಂದು ಕೈ ಪಟ್ಟಿ ಎಳೆದು ಹಿಡಿದಿರುತ್ತದೆ, ಇನ್ನೊಂದರಲ್ಲಿ ಸುತ್ತಿಗೆ, ಮೊಳೆಗೆ ಬಾಯಿಯೇ ಜೇಬು. ಕಬ್ಬಿಣದ ರುಚಿ ನಾಲಿಗೆಗೆ ಹತ್ತಿತು. ಮೊದಲ ಏಟಿಗೆ ಮೊಳೆ ಸೊಟ್ಟಗಾಯಿತು.

"ಕೊಡು ಇಲ್ಲಿ," ಎಂದು ಅಣ್ಣ ಸುತ್ತಿಗೆಗೆ ಕೈಚಾಚಿದ.

ಅವಳು ಮುಖ ಎತ್ತಿ ನೋಡಿದಳು ಅಷ್ಟೇ. ಅವನು ಕೈ ಹಿಂದೆಳೆದುಕೊಂಡ. ಅವಳ ಎದುರು ಕುಕ್ಕುರುಗಾಲಲ್ಲಿ ಕೂತು, ಅಲುಗಾಡದ ಹಾಗೆ ಚೌಕಟ್ಟಿನ ಎರಡು ಕಾಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ಸೊಟ್ಟ ಮೊಳೆಯನ್ನು ಕಿತ್ತು ಪಕ್ಕಕ್ಕೆಸೆದಳು. ಇನ್ನೊಂದು ಹೊಡೆದಳು, ಅದೂ ಓರೆಯಾಯಿತು. ಅದನ್ನೂ ಕಿತ್ತಳು.

ಒಳಗಿಂದ ಮೇಷ್ಟ್ರು ಬಾಗಿಲಿಗೆ ಬಂದರು. "ಸಭೆ ಶುರುವಾಗುತ್ತಮ್ಮ. ಬರ್ತೀಯಾ?"

ಬಾಯಿ ತುಂಬ ಮೊಳೆ. ದಬ್ಬಣ ಇಲ್ಲವೆಂದು ತಲೆಯಾಡಿಸಿ, ತುಟಿಯ ನಡುವಿಂದ ಇನ್ನೊಂದು ಮೊಳೆ ತೆಗೆದು, ಪಟ್ಟಿಯ ಮೇಲೆ ನೆಟ್ಟಗೆ ನಿಲ್ಲಿಸಿದಳು.